ಶಿಕ್ಷಕಿಯ ಸಂಬಳದಲ್ಲಿ ಆಸ್ತಿ ಮಾಡುವುದು ಹೇಗೆ? ಸಾಲ ಮಾಡಿ ಪ್ಲಾಟು ಕೊಳ್ಳಬಹುದೇ?

ಶಹಾಪುರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ 2017ರಿಂದ ಸಹಶಿಕ್ಷಕಿಯಾಗಿದ್ದೇನೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 52 ಸಾವಿರ ರೂಪಾಯಿ ಆಗುತ್ತದೆ. ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ವೃತ್ತಿ ತೆರಿಗೆ ಮತ್ತು ತಂಗಿಯ ಮದುವೆಗೆಂದು ಪತ್ತಿನ ಸಂಘದಲ್ಲಿ ಶೇ. 12ರ ಬಡ್ಡಿಗೆ ಎತ್ತಿದ ಸಾಲದ ಕಂತು 8,500 ರೂಪಾಯಿ, ಇವೆಲ್ಲ ಕಡಿತವಾಗಿ ಕೈಗೆ ಬರುವುದು 38 ಸಾವಿರ. ಮನೆಯವರು ನಾಲ್ಕು ಎಕರೆ ಒಣಬೇಸಾಯದಲ್ಲಿ ತೊಗರಿ ಬೆಳೆಯುತ್ತಾರೆ. ಮಗಳಿಗೆ ನಾಲ್ಕು ವರ್ಷ. ಬಾಡಿಗೆ, ಮನೆ ಖರ್ಚು ಕಳೆದು ತಿಂಗಳಿಗೆ ಹೆಚ್ಚೆಂದರೆ 6 ಸಾವಿರ ಉಳಿಯುತ್ತದೆ, ಅದೂ ಎಲ್ಲ ತಿಂಗಳೂ ಅಲ್ಲ.

ಕಲಬುರಗಿಯ ರಿಂಗ್ ರೋಡಿನ ಆಚೆ 9 ಲಕ್ಷಕ್ಕೆ ಒಂದು ಪ್ಲಾಟು ಇದೆ, ಇನ್ನೊಂದು ಸಾಲ ಮಾಡಿಯಾದರೂ ಹಿಡಿಯಿರಿ ಎಂದು ಸಹೋದ್ಯೋಗಿಯೊಬ್ಬರು ಒತ್ತಾಯಿಸುತ್ತಿದ್ದಾರೆ. ನಮ್ಮ ತಂದೆಯವರು ಬಂಗಾರವೇ ಮೇಲು ಎನ್ನುತ್ತಾರೆ. ಎಂಟು ವರ್ಷ ದುಡಿದೂ ನನ್ನ ಹೆಸರಿನಲ್ಲಿ ಏನೂ ಇಲ್ಲವಲ್ಲ ಎಂಬ ಚಿಂತೆ ಕಾಡುತ್ತಿರುವುದರಿಂದ ಅನುಭವಿಗಳ ಸಲಹೆ ಕೇಳುತ್ತಿದ್ದೇನೆ.

ಆಳಂದದ ನಿವೃತ್ತ ಮುಖ್ಯೋಪಾಧ್ಯಾಯ:

ತಂಗಿ, ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು 2006ರ ಏಪ್ರಿಲ್ 1ಕ್ಕಿಂತ ಬಹಳ ಮೊದಲೇ ಸೇವೆಗೆ ಸೇರಿದವನು, ಹಳೆಯ ಪಿಂಚಣಿ ಪಡೆಯುತ್ತಿರುವವನು. ನಿಮ್ಮಂತೆ ಆಮೇಲೆ ಸೇರಿದವರಿಗೆ ಅದಿಲ್ಲ, ಎನ್‌ಪಿಎಸ್ ಇದೆ. ನಮ್ಮ ಕಾಲದವರು ಕೈಯಲ್ಲಿದ್ದುದನ್ನೆಲ್ಲ ಪ್ಲಾಟಿಗೆ ಸುರಿದರೂ ಮುಪ್ಪಿನಲ್ಲಿ ಪಿಂಚಣಿ ಬರುತ್ತಿತ್ತು. ಆ ಧೈರ್ಯದ ಮೇಲೆ ಅವರು ಮಾಡಿದ್ದನ್ನು ನೋಡಿ ನೀವೂ ಹಾಗೆಯೇ ಮಾಡುವುದು ಸರಿಯಲ್ಲ.

ನಮ್ಮ ಭಾಗದಲ್ಲಿ ತೊಗರಿ ಒಣಗಿದ ವರ್ಷವೂ ತಪ್ಪದೆ ಫಸಲು ಕೊಡುವ ಹೊಲವೆಂದರೆ ಶಿಕ್ಷಕರ ಸಂಬಳವೊಂದೇ ಎಂದು ಬಂಧುಬಳಗವೆಲ್ಲ ತಿಳಿದಿರುತ್ತದೆ. ಆದ್ದರಿಂದ ಬೀಜಕ್ಕೆ, ಆಸ್ಪತ್ರೆಗೆ, ಮದುವೆಗೆ ಎಲ್ಲರೂ ನಮ್ಮ ಕಡೆಗೇ ನೋಡುತ್ತಾರೆ. ನೋಡುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಅದಕ್ಕೆಂದೇ ನಾಲ್ಕು ತಿಂಗಳ ಮನೆ ಖರ್ಚಿನಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡದಿದ್ದರೆ ಪ್ರತಿ ಸಂಕಟಕ್ಕೂ ಹೊಸ ಸಾಲವೇ ಗತಿಯಾಗುತ್ತದೆ.

ಇನ್ನೊಂದು, ಯಾರ ಸಾಲಕ್ಕೂ ಜಾಮೀನು ಹಾಕಬೇಡಿ. ಸಹೋದ್ಯೋಗಿಯೊಬ್ಬರಿಗೆ ಮುಲಾಜಿಗೆ ಬಿದ್ದು ಸಹಿ ಮಾಡಿದ ನಾನು, ಅವರು ಕಂತು ನಿಲ್ಲಿಸಿದಾಗ 26 ತಿಂಗಳು ನನ್ನ ಸಂಬಳದಿಂದ ತುಂಬಿದ್ದೇನೆ. ಅದೇ ವರ್ಷ ಮಗನನ್ನು ಕಾಲೇಜಿಗೆ ಸೇರಿಸಲು ಹೆಂಡತಿಯ ಬಳೆ ಅಡವಿಡಬೇಕಾಯಿತು. ಈಗಲೂ ಆ ಸಹೋದ್ಯೋಗಿ ಬಸ್ ನಿಲ್ದಾಣದಲ್ಲಿ ಸಿಕ್ಕರೆ ಚಹಾ ಕುಡಿಸುತ್ತಾರೆ.

ಬೀದರಿನ ಗಣಿತ ಶಿಕ್ಷಕ:

ಮೇಡಂ, ನಿಮ್ಮ ಹೆಸರಿನಲ್ಲಿ ಏನೂ ಇಲ್ಲವೆಂಬುದು ನಿಜವಲ್ಲ. ನಿಮ್ಮ 52 ಸಾವಿರಕ್ಕೆ ಶೇ. 10ರಂತೆ 5,200 ರೂಪಾಯಿ ಎನ್‌ಪಿಎಸ್‌ಗೆ ಕಡಿತವಾಗುತ್ತದೆ, ಸರ್ಕಾರ ಶೇ. 14ರಂತೆ 7,280 ರೂಪಾಯಿ ಸೇರಿಸುತ್ತದೆ. ತಿಂಗಳಿಗೆ 12,480 ರೂಪಾಯಿ ನಿಮಗೆ ಕಾಣದಂತೆ ಕೂಡುತ್ತಿದೆ. ಕಾಣದಿರುವುದರಿಂದಲೇ ನಮ್ಮಲ್ಲಿ ಅನೇಕರು ಪ್ರಾನ್ ಖಾತೆಯನ್ನು (ಎನ್‌ಪಿಎಸ್ ಹಣ ಕೂಡುವ, ನಮ್ಮದೇ ಸಂಖ್ಯೆಯ ಖಾತೆ) ತೆರೆದೂ ನೋಡಿರುವುದಿಲ್ಲ. ಎರಡೂ ಪಾಲು ಪ್ರತಿ ತಿಂಗಳು ಜಮೆಯಾಗಿದೆಯೇ ಎಂದು ದಯವಿಟ್ಟು ನೋಡಿ. ಅರವತ್ತಕ್ಕೆ ನಿವೃತ್ತರಾದಾಗ ಇದರಲ್ಲಿ ಶೇ. 60ರವರೆಗೆ ಒಟ್ಟಿಗೆ ಪಡೆಯಬಹುದು, ಉಳಿದದ್ದು ಮಾಸಿಕ ಪಿಂಚಣಿಗೆ ಹೋಗುತ್ತದೆ.

ಇನ್ನು ಸಂಘದ ಸಾಲ. ಪಿಪಿಎಫ್‌ನಲ್ಲಿ (ಸರ್ಕಾರದ 15 ವರ್ಷದ ಉಳಿತಾಯ ಯೋಜನೆ) ಸಿಗುವ ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1 ಇದೆ. ಶೇ. 12ರ ಸಾಲವನ್ನು ಹಾಗೆಯೇ ಇಟ್ಟುಕೊಂಡು ಅಲ್ಲಿ ಹಣ ಹಾಕುವುದು ತೂತಿರುವ ಕೊಡಕ್ಕೆ ನೀರು ಸುರಿದಂತೆ. ತುಟ್ಟಿಭತ್ಯೆಯ ಬಾಕಿ ಬಂದರೆ ಸಾಲಕ್ಕೇ ಕಟ್ಟಿ. ಸಾಲ ತೀರಿದ ಮರುತಿಂಗಳಿನಿಂದ ಅದೇ 8,500ರಲ್ಲಿ 5,000 ಪಿಪಿಎಫ್‌ಗೆ ಹಾಕಿದರೆ, ಈಗಿನ ಬಡ್ಡಿ ದರ ಹಾಗೆಯೇ ಉಳಿದಲ್ಲಿ, 15 ವರ್ಷಕ್ಕೆ ನೀವು ಕಟ್ಟಿದ 9 ಲಕ್ಷ ಸುಮಾರು ಹದಿನೈದೂ ಮುಕ್ಕಾಲು ಲಕ್ಷವಾಗುತ್ತದೆ. ಆದರೆ 5ನೇ ತಾರೀಖಿನೊಳಗೆ ಕಟ್ಟಬೇಕು. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.

ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ (ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಉಳಿತಾಯ ಖಾತೆ) ತೆರೆಯಲು ಮಾತ್ರ ಸಾಲ ತೀರುವವರೆಗೆ ಕಾಯುವುದು ಬೇಡ, ಏಕೆಂದರೆ ಮಗಳಿಗೆ ಹತ್ತು ವರ್ಷ ತುಂಬಿದರೆ ಖಾತೆಯನ್ನೇ ತೆರೆಯಲಾಗದು. 2024ರ ಜನವರಿಯಲ್ಲಿ ಬಡ್ಡಿ ಶೇ. 8.2 ಆಗಿದೆ. ತಿಂಗಳಿಗೆ 3,000ದಂತೆ 15 ವರ್ಷ ಕಟ್ಟಿದರೆ ಅವಳಿಗೆ 25 ತುಂಬುವಾಗ, ಇದೇ ದರದಲ್ಲಿ, ಹದಿನಾರೂವರೆ ಲಕ್ಷ ದಾಟುತ್ತದೆ.

ಜನವರಿ, ಫೆಬ್ರವರಿಯಲ್ಲಿ ತೆರಿಗೆ ಉಳಿಸುವ ಪಾಲಿಸಿ ಎಂದು ಏಜೆಂಟರು ಸ್ಟಾಫ್ ರೂಮಿಗೇ ಬರುತ್ತಾರೆ. 2025-26ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ವರ್ಷಕ್ಕೆ 40 ಸಾವಿರದ ಪಾಲಿಸಿ ಏಕೆ ಬೇಕು ಎಂದು ಕೇಳಿ ನೋಡಿ. ಮನೆಗೆ ಆಧಾರ ನೀವೇ ಆಗಿರುವುದರಿಂದ ಒಂದು ಟರ್ಮ್ ವಿಮೆ (ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ ವಿಮೆ) ಸಾಕು.

ಸೇಡಂ ರಸ್ತೆ ನಿವಾಸಿ:

ಪ್ಲಾಟಿನ ವಿಷಯ ನನಗೆ ಬಿಡಿ, ನಾನು ಪೆಟ್ಟು ತಿಂದವನು. ಕೃಷಿ ಜಮೀನನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಹನ್ನೊಂದು ಮಂದಿಯ ಹೆಸರನ್ನು ಒಂದೇ ಪಹಣಿಯಲ್ಲಿ ಸೇರಿಸಿದ ಪ್ಲಾಟನ್ನು ಕೊಂಡಿದ್ದೇನೆ. ಇ-ಖಾತೆ ಆಗಲಿಲ್ಲ, ಮನೆ ಕಟ್ಟಲು ಬ್ಯಾಂಕ್ ಸಾಲ ಕೊಡಲಿಲ್ಲ, ಉಳಿದ ಹತ್ತು ಮಂದಿಯ ಸಹಿಯಿಲ್ಲದೆ ಮಾರಲೂ ಬರುವುದಿಲ್ಲ. ಎನ್.ಎ. ಆದೇಶ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ), ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ, ಋಣಭಾರ ಪತ್ರ (ಇ.ಸಿ.) ಮತ್ತು ಇ-ಖಾತೆ, ಈ ನಾಲ್ಕೂ ಕೈಗೆ ಬರುವವರೆಗೆ ಮುಂಗಡವೆಂದು ಒಂದು ಸಾವಿರ ರೂಪಾಯಿಯನ್ನೂ ಕೊಡಬೇಡಿ. ಸ್ಥಿರಾಸ್ತಿ ಕೊಳ್ಳುವಾಗ ನಡತೆ ನಿಯಮಗಳ ಪ್ರಕಾರ ಇಲಾಖೆಗೂ ತಿಳಿಸಬೇಕಾಗುತ್ತದೆ, ಅದನ್ನು ನೆನಪಿಡಿ.

ಹಾಗೆಂದು ನಿವೇಶನವೇ ಬೇಡವೆಂದು ನಾನು ಹೇಳುವುದಿಲ್ಲ. ಸ್ವಂತ ಮನೆಗಾಗಿ, ಸಾಲ ತೀರಿದ ಮೇಲೆ, ಶಹಾಪುರದಲ್ಲೇ ನೋಡಿ. ಅಷ್ಟು ದೂರದ ಕಲಬುರಗಿಯಲ್ಲಿರುವ ಪ್ಲಾಟಿಗೆ ಯಾರು ಬೇಲಿ ಹಾಕಿದರೂ ನಿಮಗೆ ತಿಳಿಯುವುದಿಲ್ಲ.

ಶಹಾಪುರದ ಶಿಕ್ಷಕಿ:

ಗುರುಗಳಿಗೂ ಉಳಿದ ಹಿರಿಯರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಪ್ರಾನ್ ಖಾತೆ ತೆರೆದು ನೋಡಿದೆ. ಇರುವ ಮೊತ್ತ ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಇದೆ, ಆದರೆ ವರ್ಗಾವಣೆಯಾದ ಸಮಯದ ಮೂರು ತಿಂಗಳ ಕಂತು ಕಾಣುತ್ತಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಮಾತ್ರ ಆಗಿದೆ. ಆ ಚೀಟಿಗಳನ್ನು ಲಗತ್ತಿಸಿ ಅರ್ಜಿ ಬರೆದಿಟ್ಟಿದ್ದೇನೆ. ಪ್ಲಾಟಿನ ಎನ್.ಎ. ಆದೇಶ ಕೇಳಿದ್ದಕ್ಕೆ, ಅದು ಮುಂದೆ ಆಗುತ್ತದೆ ಎಂಬ ಉತ್ತರ ಬಂತು, ಆದ್ದರಿಂದ ಆ ಮಾತು ಕೈಬಿಟ್ಟೆವು. ಸುಕನ್ಯಾ ಖಾತೆಗೆಂದು ಅಂಚೆ ಕಚೇರಿಗೆ ಹೋದಾಗ ಮಗಳ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು ಗೊತ್ತಾಯಿತು. ಅದನ್ನು ತಿದ್ದಿಸಲು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ ಹೋಗುತ್ತೇವೆ.