ಹಳೆಯ ಮಾಡೆಲ್ 10 ರಿವಾಲ್ವರ್: ಸಿಲಿಂಡರ್ ಹಿಂದೆ ಮುಂದೆ ಆಡುತ್ತಿದೆ, ಶಿಮ್ ಹಾಕಿದರೆ ಸಾಕೇ?

ಹ್ಯೂಸ್ಟನ್_ಹುಡುಗ (ಪ್ರಶ್ನೆ):
ಸ್ಮಿತ್ ಅಂಡ್ ವೆಸನ್ ಮಾಡೆಲ್ 10-5, ಬ್ಯಾರೆಲ್ 4 ಇಂಚು, .38 ಸ್ಪೆಷಲ್. ಸೆಕೆಂಡ್ ಹ್ಯಾಂಡ್. ಸಿಲಿಂಡರ್ ಮುಚ್ಚಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎನ್ನುತ್ತದೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆಯ ಪಟ್ಟಿಗಳು) ಹಾಕಿ ನೋಡಿದೆ: ಸಿಲಿಂಡರನ್ನು ಮುಂದಕ್ಕೆ ಒತ್ತಿದಾಗ ಬ್ಯಾರೆಲ್ಲಿಗೂ ಅದಕ್ಕೂ ಇರುವ ಸಂದಿ 3 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಹಿಂದಕ್ಕೆ ಒತ್ತಿದಾಗ 10 ಥೌ. ಟ್ರಿಗರ್ ಎಳೆದು ಹಿಡಿದರೂ ಎಡಕ್ಕೆ ಬಲಕ್ಕೆ ಸ್ವಲ್ಪ ಆಡುತ್ತದೆ. ಹ್ಯಾಮರನ್ನು ನಿಧಾನವಾಗಿ ಎಳೆದರೆ ಆರರಲ್ಲಿ ಎರಡು ಚೇಂಬರ್ ಲಾಕ್ ಆಗುವುದೇ ಇಲ್ಲ. ಯಾವುದರಿಂದ ಶುರು ಮಾಡಲಿ? ಶಿಮ್ (ತೆಳ್ಳನೆಯ ಉಕ್ಕಿನ ಬಳೆ) ಸಾಕಾ, ಇಲ್ಲ ಬ್ಯಾರೆಲ್ ಕೆಲಸವೂ ಬೇಕಾ?

ಫೀಲರ್_ಗೇಜ್:
ನೀವು ಹೇಳಿದ್ದು ಮೂರು ಬೇರೆ ಬೇರೆ ದೋಷ. ಮೂರಕ್ಕೂ ಒಂದೇ ಮದ್ದಿಲ್ಲ, ಆದರೆ ಕೈಹಾಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಹಿಂದೆ ಮುಂದಿನ ಆಟ ತೆಗೆಯಬೇಕು, ಟೈಮಿಂಗ್ (ಹ್ಯಾಮರ್ ಎಳೆದಂತೆ ಚೇಂಬರ್ ಸರಿಯಾದ ಹೊತ್ತಿಗೆ ಲಾಕ್ ಆಗುವುದು) ಆಮೇಲೆ. ಕ್ರಮ ತಿರುಗಿಸಿದರೆ ಟೈಮಿಂಗ್ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ಆರೂ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಜೀವಂತ ತೋಟೆಗಳು ಆ ಕೋಣೆಯಲ್ಲೇ ಬೇಡ. ಸಿಲಿಂಡರಿನ ಮುಖದ ಮೇಲಿನ ಮಸಿ, ಸೀಸ ಎಲ್ಲ ಕೆರೆದು ಒರೆಸಿ ಮತ್ತೆ ಅಳೆಯಿರಿ, ಮಸಿಯೇ ಒಂದೆರಡು ಥೌ ನುಂಗಿಬಿಡುತ್ತದೆ. ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಖಾಲಿ ತೋಟೆ ಹೊರದಬ್ಬುವ ತುಂಡು) ಅಡಿಗೂ ಬ್ರಷ್ ಹಾಕಿ. ಅಲ್ಲಿ ಕೂತ ಸುಡದ ಪುಡಿ ನಕ್ಷತ್ರವನ್ನು ಹಿಂದಕ್ಕೆ ಎತ್ತಿ ಹಿಡಿದು ಸಿಲಿಂಡರ್ ತಿರುಗದಂತೆ ಮಾಡುತ್ತದೆ, ಅಳತೆಯನ್ನೂ ಕೆಡಿಸುತ್ತದೆ.

ಅಳತೆ ಹಾಗೇ ಬಂದರೆ 10ರಲ್ಲಿ 3 ಕಳೆದು 7 ಥೌ ಎಂಡ್ ಶೇಕ್, ಅಂದರೆ ಹಿಂದೆ ಮುಂದಿನ ಆಟ. 1–2 ಇದ್ದರೆ ಒಳ್ಳೆಯದು, 4 ದಾಟಿದರೆ ರಿಪೇರಿ ಮಾಡಲೇಬೇಕು. ಪ್ರತಿ ಗುಂಡಿಗೂ ಸಿಲಿಂಡರ್ ಹಿಂದಕ್ಕೂ ಮುಂದಕ್ಕೂ ಬಡಿದು ಯೋಕಿನ (ಸಿಲಿಂಡರನ್ನು ಹೊತ್ತು ಹೊರಕ್ಕೆ ತೆರೆಯುವ ತೋಳು) ತುದಿಯನ್ನು ಇನ್ನಷ್ಟು ಚಪ್ಪಟೆ ಮಾಡುತ್ತದೆ, ಅಂದರೆ ಆಟವೇ ಆಟವನ್ನು ಬೆಳೆಸುತ್ತದೆ. ಫೈರಿಂಗ್ ಪಿನ್ ಬಡಿದಾಗ ತೋಟೆ ಸಿಲಿಂಡರ್ ಸಮೇತ ಮುಂದಕ್ಕೆ ಜಾರುವುದರಿಂದ ಪ್ರೈಮರ್ ಮೇಲೆ (ತೋಟೆಯ ಬುಡದ ಕಿಡಿಮದ್ದು) ಪೆಟ್ಟು ಸರಿಯಾಗಿ ಬೀಳದೆ ಹುಸಿಯೂ ಹೋಗಬಹುದು. ರಿಪೇರಿ ಆಗುವವರೆಗೆ ಹೊಡೆಯಬೇಡಿ, +ಪಿ (ಹೆಚ್ಚು ಒತ್ತಡದ ತೋಟೆ) ಅಂತೂ ಬೇಡವೇ ಬೇಡ.

ಶಿಮ್ ಆರ್ಡರ್ ಮಾಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಸಿಲಿಂಡರ್ ಅಲ್ಲಾಡಿಸುವಾಗ ಯೋಕ್ ಮತ್ತು ಫ್ರೇಮ್ ಕೂಡುವ ಗೆರೆಯನ್ನೇ ನೋಡುತ್ತಿರಿ. ಆ ಗೆರೆ ತೆರೆದು ಮುಚ್ಚಿದರೆ ಆಡುತ್ತಿರುವುದು ಯೋಕ್, ಸಿಲಿಂಡರ್ ಅಲ್ಲ. ಸೈಡ್‌ಪ್ಲೇಟಿನ ಮುಂದಿನ ಸ್ಕ್ರೂನ ತುದಿ ಯೋಕನ್ನು ಹಿಡಿದಿರುತ್ತದೆ, ಅದನ್ನು ಆಯಾ ಬಂದೂಕಿಗೇ ಕೂರಿಸಿರುತ್ತಾರೆ. ಬಿಚ್ಚಿದ ಯಾರೋ ಅದನ್ನು ಹಿಂದಿನ ಸ್ಕ್ರೂ ಜೊತೆ ಅದಲು ಬದಲು ಮಾಡಿರುವುದು ಹಳೆಯ ಮಾಲಿನಲ್ಲಿ ತೀರಾ ಸಾಮಾನ್ಯ. ಹಾಗಾಗಿದ್ದರೆ ಎರಡನ್ನೂ ಜಾಗ ಬದಲಿಸಿ ಹಾಕಿದರೆ ಅರ್ಧ ಆಟ ಅಲ್ಲೇ ಹೋಗುತ್ತದೆ.

ಬೆಂಚ್_ವೈಸ್:
ಮೇಲಿನ ಮಾತು ಸರಿ. ಶಿಮ್ ಲೆಕ್ಕದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಶಿಮ್ ಹಾಕಿದರೆ ಸಿಲಿಂಡರ್ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ರಿಪೇರಿ ಆದಮೇಲೆ ನಿಮಗೆ ಉಳಿಯುವ ಸಂದಿ 3 ಅಲ್ಲ, 10ರ ಹತ್ತಿರ. ಈ ರಿವಾಲ್ವರುಗಳಿಗೆ 6ರ ಆಸುಪಾಸು ಚೆಂದ, 10ರವರೆಗೆ ನಡೆಯುತ್ತದೆ. ನಿಮ್ಮದು ಅಂಚಿನಲ್ಲಿದೆ, ಆದರೂ ಒಳಗೇ ಇದೆ, ಬ್ಯಾರೆಲ್ ಮುಟ್ಟಬೇಕಿಲ್ಲ. ಹಿಂದಕ್ಕೆ ಒತ್ತಿದಾಗಿನ ಅಳತೆ 12 ದಾಟಿದ್ದರೆ ಬ್ಯಾರೆಲ್ ಬಿಚ್ಚಿ ಒಂದು ಸುತ್ತು ಒಳಗೆ ತಿರುಗಿಸಿ, ಹಿಂತುದಿ ಕೊಯ್ದು, ಫೋರ್ಸಿಂಗ್ ಕೋನ್ (ಬ್ಯಾರೆಲ್ಲಿನ ಹಿಂಬಾಯಿಯ ಇಳಿಜಾರು) ಮತ್ತೆ ಕಡಿಯಬೇಕಿತ್ತು. ಕೆ ಫ್ರೇಮಿನಲ್ಲಿ (ನಿಮ್ಮ ಮಾಡೆಲ್ 10ರ ಚೌಕಟ್ಟಿನ ಗಾತ್ರ) ಇಂಚಿಗೆ 36 ಥ್ರೆಡ್, ಒಂದು ಸುತ್ತು ಎಂದರೆ ಸುಮಾರು 28 ಥೌ. ನಿಮ್ಮ ಬ್ಯಾರೆಲ್ ಪಿನ್ ಹಾಕಿದ್ದು (1982ರವರೆಗೆ ಹಾಗೇ ಬರುತ್ತಿತ್ತು). ಅದು ಮನೆಯ ಬೆಂಚಿನ ಕೆಲಸವೇ ಅಲ್ಲ, ಗನ್‌ಸ್ಮಿತ್ ಹತ್ತಿರ ಹೋಗಬೇಕು.

ಬಿಚ್ಚುವ ವಿಧಾನ: ಸ್ಲಾಟಿಗೆ ಸರಿಯಾಗಿ ಕೂರುವ, ಸಮಾಂತರ ಬಾಯಿಯ ಸ್ಕ್ರೂಡ್ರೈವರಿನಿಂದ ಸೈಡ್‌ಪ್ಲೇಟಿನ ಮುಂದಿನ ಸ್ಕ್ರೂ ತೆಗೆಯಿರಿ. ಸಿಲಿಂಡರ್ ತೆರೆದು, ಯೋಕ್ ಸಮೇತ ಮುಂದಕ್ಕೆ ಜಾರಿಸಿ ಹೊರತೆಗೆಯಿರಿ. ಸೈಡ್‌ಪ್ಲೇಟ್ ಬಿಚ್ಚುವ ಅಗತ್ಯವಿಲ್ಲ. ಇನ್ನು ಎಕ್ಸ್‌ಟ್ರಾಕ್ಟರ್ ರಾಡ್. 1960ರ ಆಸುಪಾಸಿನಿಂದ ಇದರದ್ದು ಉಲ್ಟಾ ಥ್ರೆಡ್, ತುದಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಅದಕ್ಕೆ ಮೊದಲು ಒಂದು ಬಿಟ್ಟು ಒಂದು ಚೇಂಬರಿನಲ್ಲಿ ಮೂರು ಖಾಲಿ ತೋಟೆ ಹಾಕಲೇಬೇಕು. ಇಲ್ಲದಿದ್ದರೆ ತಿರುಚುವ ಬಲವೆಲ್ಲ ನಕ್ಷತ್ರದ ಚಿಕ್ಕ ಪಿನ್ನುಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ರಾಡನ್ನು ಹಿತ್ತಾಳೆ ಅಥವಾ ಮರದ ದವಡೆಯ ವೈಸಿನಲ್ಲಿ ಹಿಡಿದು ಸಿಲಿಂಡರನ್ನು ತಿರುಗಿಸಿ. ಬರಿಯ ಪ್ಲೈಯರ್ ಹಾಕಿದರೆ ರಾಡಿನ ಮೈ ಗೀಚುತ್ತದೆ, ಬಾಗಲೂ ಬಹುದು. ಸ್ಪ್ರಿಂಗುಗಳು, ಮಧ್ಯದ ಪಿನ್ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟುಕೊಳ್ಳಿ. ಈಗ ಯೋಕ್ ಹೊರಗೆ ಬರುತ್ತದೆ.

ಅದರ ಕೊಳವೆಯ ತುದಿ ಸಪಾಟಾಗಿದ್ದರೆ ಚಿಟಿಕೆ ಗ್ರೀಸ್ ಹಚ್ಚಿ ಶಿಮ್ ಕೂರಿಸಿ. 2 ಮತ್ತು 4 ಥೌ ಗಟ್ಟಿ ಉಕ್ಕಿನವು ಸಿಗುತ್ತವೆ. ನಿಮಗೆ ಒಂದೊಂದು ಹಾಕಿದರೆ 6, ಉಳಿಯುವ ಆಟ 1. ರಾಡ್ ಮತ್ತೆ ಬಿಗಿಯುವಾಗಲೂ ಖಾಲಿ ತೋಟೆ ಇರಲಿ. ಸಡಿಲಾದ ರಾಡ್ ಹೊರಗೆ ಬೆಳೆದು ಮುಂದಿನ ಲಾಕಿಗೆ ಒತ್ತಿಕೊಂಡರೆ ಸಿಲಿಂಡರ್ ತೆರೆಯುವುದೇ ಇಲ್ಲ.

ಹಳೇ_ಉಕ್ಕು:
7 ಥೌ ಸವೆದ ಯೋಕಿಗೆ ನೇರವಾಗಿ ಶಿಮ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಷ್ಟು ಬಡಿತ ತಿಂದ ತುದಿ ಸಪಾಟಾಗಿ ಇರುವುದೇ ಅಪರೂಪ. ಒಂದು ಕಡೆ ತಗ್ಗಿದ್ದರೆ ತೆಳ್ಳಗಿನ 2 ಥೌ ಶಿಮ್ ಅಲ್ಲಿ ಮಡಚಿ ಒಡೆಯುತ್ತದೆ, ಒಡೆದ ಚೂರು ಒಳಗೇ ಸಿಕ್ಕಿಕೊಂಡರೆ ಸಿಲಿಂಡರ್ ಜಾಮ್. ಸರಿಯಾದ ರಿಪೇರಿ ಎಂದರೆ ಯೋಕಿನ ಕೊಳವೆಯೊಳಗೆ ಅಳತೆಯ ಸರಳು ಕೊಟ್ಟು, ಹೊರಮೈಯನ್ನು ರೋಲರ್ ಉಪಕರಣದಿಂದ ಒತ್ತಿ ಉದ್ದ ಮಾಡುವುದು, ನಂತರ ಫೇಸಿಂಗ್ ಕಟರಿನಿಂದ ತುದಿಯನ್ನು ಚೌಕಕ್ಕೆ ತರುವುದು. ಆಗ ಲೋಹಕ್ಕೆ ಲೋಹವೇ ಪೂರ್ತಿ ಸುತ್ತಲೂ ತಾಗುತ್ತದೆ. ಶಿಮ್ಮೇ ಹಾಕುವುದಾದರೂ ಮೊದಲು ಫೇಸಿಂಗ್ ಆಗಲಿ. ಅದು ಇನ್ನೊಂದೆರಡು ಥೌ ತೆಗೆಯುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ ಆಮೇಲೆ ಶಿಮ್ ಆರಿಸಿ.

ಹ್ಯೂಸ್ಟನ್_ಹುಡುಗ:
ಧನ್ಯವಾದ. ಮಸಿ ತೆಗೆದ ಮೇಲೂ ಅಳತೆ 3 ಮತ್ತು 10. ಯೋಕಿನ ಗೆರೆ ಅಲುಗುತ್ತಿಲ್ಲ. ತುದಿಯಲ್ಲಿ ಒಂದು ಕಡೆ ಹೊಳಪು, ಇನ್ನೊಂದು ಕಡೆ ಇಲ್ಲ, ಹಾಗಾಗಿ ಫೇಸಿಂಗ್ ಮತ್ತು ಉದ್ದ ಮಾಡುವುದು ಗನ್‌ಸ್ಮಿತ್ ಕೈಲೇ ಆಗಲಿ. ಅಡ್ಡ ಆಟ ಮತ್ತು ಟೈಮಿಂಗ್ ಬಗ್ಗೆ ಅವರಿಗೆ ಏನು ಹೇಳಲಿ?

ಫೀಲರ್_ಗೇಜ್:
ಅಡ್ಡ ಆಟಕ್ಕೆ ಅಷ್ಟು ಹೆದರಬೇಡಿ. ಸ್ಮಿತ್ ವಿನ್ಯಾಸದಲ್ಲಿ ಸಣ್ಣ ಆಟ ಇದ್ದೇ ಇರುತ್ತದೆ. ಗುಂಡು ಫೋರ್ಸಿಂಗ್ ಕೋನಿಗೆ ಹೊಕ್ಕಾಗ ಚೇಂಬರನ್ನು ತಾನೇ ನೇರಕ್ಕೆ ಎಳೆದುಕೊಳ್ಳುತ್ತದೆ. ಟ್ರಿಗರ್ ಎಳೆದು ಹಿಡಿದರೆ ಕಲ್ಲಿನಂತೆ ನಿಲ್ಲುವುದು ಹಳೆಯ ಕೋಲ್ಟ್‌ಗಳು, ಆ ಅಳತೆಗೋಲು ಇಲ್ಲಿ ಬೇಡ. ಸಿಲಿಂಡರಿನ ನಾಚುಗಳ (ಲಾಕ್ ಬೀಳುವ ಕಚ್ಚುಗಳು) ಅಂಚು ಬಡಿದು ಮೇಲೆದ್ದಿದೆಯೇ, ಸ್ಟಾಪಿನ (ಆ ಕಚ್ಚಿಗೆ ಬಿದ್ದು ಸಿಲಿಂಡರ್ ನಿಲ್ಲಿಸುವ ತುಂಡು) ತುದಿ ದುಂಡಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿಸಿ. ಸ್ಟಾಪ್ ಸವೆದಿದ್ದರೆ ಅಗಲವಾದ ಹೊಸ ಸ್ಟಾಪನ್ನು ನಾಚಿಗೆ ಕೂರಿಸಬಹುದು. ನಾಚೇ ಹೋಗಿದ್ದರೆ ಸಿಲಿಂಡರ್ ಬದಲಿಸುವುದೊಂದೇ ದಾರಿ.

ಟೈಮಿಂಗ್ ಪರೀಕ್ಷೆ ಖಾಲಿ ಸಿಲಿಂಡರಿನಲ್ಲಿ ಮಾಡಿದ್ದರೆ ಆ ಫಲಿತಾಂಶ ನಂಬಬೇಡಿ. ನಕ್ಷತ್ರಕ್ಕೆ ತನ್ನದೇ ಸಣ್ಣ ಆಟ ಇರುತ್ತದೆ, ಆರೂ ಚೇಂಬರಿನಲ್ಲಿ ಖಾಲಿ ತೋಟೆ ಹಾಕಿದಾಗಲೇ ಅದು ನಿಲ್ಲುವುದು. ಹಾಕಿಕೊಂಡು, ಸಿಲಿಂಡರಿಗೆ ಹೆಬ್ಬೆರಳಿನ ಹಗುರ ತಡೆ ಕೊಟ್ಟು, ಹ್ಯಾಮರನ್ನು ನಿಧಾನ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸ್ಟಾಪ್ ನಾಚಿಗೆ ಬೀಳಬೇಕು. ಎಂಡ್ ಶೇಕ್ ಹೋದಮೇಲೆ ರಾಚೆಟ್ (ನಕ್ಷತ್ರದ ಹಿಂದಿನ ಹಲ್ಲುಗಳು) ಹ್ಯಾಂಡಿಗೆ (ಅವನ್ನು ತಳ್ಳಿ ಸಿಲಿಂಡರ್ ತಿರುಗಿಸುವ ತುಂಡು) ಹತ್ತಿರ ಬರುವುದರಿಂದ ಎಷ್ಟೋ ಸಲ ತಡವಾಗುತ್ತಿದ್ದ ಚೇಂಬರ್ ತಾನೇ ಸರಿಹೋಗುತ್ತದೆ. ಹೋಗದಿದ್ದರೆ: ಆರೂ ತಡ ಎಂದರೆ ಹ್ಯಾಂಡ್ ಸವೆದಿದೆ, ಒಂದೆರಡು ಮಾತ್ರ ಎಂದರೆ ಆ ಹಲ್ಲುಗಳು ಸವೆದಿವೆ. ಎರಡಕ್ಕೂ ಸ್ವಲ್ಪ ದಪ್ಪನೆಯ ಹ್ಯಾಂಡ್ ಹಾಕಿ, ಬಿಗಿಯಾದ ಹಲ್ಲುಗಳನ್ನು ಮಾತ್ರ ಒಂದೊಂದಾಗಿ ಅರದಿಂದ ಸವರಬೇಕು. ತಡವಾಗುತ್ತಿರುವ ಹಲ್ಲಿಗೆ ಅರ ತಾಗಿಸಿದರೆ ಅದು ಇನ್ನೂ ತಡವಾಗುತ್ತದೆ.

ಮಡಿಕೇರಿ_ಮಂಜು:
ಭಾರತದಲ್ಲಿ ಇದನ್ನು ಓದುತ್ತಿರುವವರಿಗೆ ಎರಡು ಮಾತು. ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಕಲಮು ತಯಾರಿಕೆ, ಮಾರಾಟದ ಜೊತೆಗೆ ದುರಸ್ತಿಯನ್ನೂ ಹೆಸರಿಸುತ್ತದೆ. ಇಟ್ಟುಕೊಳ್ಳುವ ಲೈಸೆನ್ಸ್ ಇದ್ದರೆ ಸಾಲದು, ದುರಸ್ತಿಗೆ ಆ ಲೈಸೆನ್ಸ್ ಇರುವ ಅಂಗಡಿಗೇ ಕೊಡಬೇಕು. ಫೀಲರ್ ಗೇಜಿನಿಂದ ಅಳೆದು ಬರೆದುಕೊಂಡು ಹೋಗಿ, ಮಾತು ಸುಲಭವಾಗುತ್ತದೆ.

ಇನ್ನೊಂದು, ಕಾನ್ಪುರದ ಹಳೆಯ .32 ರಿವಾಲ್ವರ್ ವೆಬ್ಲಿ ಮಾದರಿಯದು, ಮೇಲಿನಿಂದ ಮಡಚಿ ತೆರೆಯುವಂಥದ್ದು. ಅದರಲ್ಲಿ ಈ ಯೋಕೇ ಇಲ್ಲ, ಮೇಲಿನ ಶಿಮ್ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೊದಲು ಬ್ಯಾರೆಲ್ಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಅದು ಆಡಿದರೆ ಹಿಂಜಿನ ಪಿನ್ ಅಥವಾ ಮೇಲಿನ ಲಾಚ್ ಸವೆದಿದೆ ಎಂದರ್ಥ. ಅದನ್ನು ಬಿಗಿ ಮಾಡುವವರೆಗೆ ಸಿಲಿಂಡರಿನ ಸಂದಿ ಅಳೆದರೆ ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುತ್ತದೆ.