ಅಪ್‌ಡೇಟ್: ಏರ್‌ಫೋರ್ಸ್ ಬಿಟ್ಟು ಬಂದೋನು, ಹೆಲಿಕಾಪ್ಟರ್ ಲೈನಲ್ಲೇ ಇರ್ತೀನಿ

ಎಲ್ರಿಗೂ ನಮಸ್ಕಾರ. 20 ವರ್ಷ ಏರ್‌ಫೋರ್ಸಲ್ಲಿ ಎಂಐ-17 ಹೆಲಿಕಾಪ್ಟರ್ ಟೆಕ್ನಿಷಿಯನ್ ಆಗಿದ್ದು ತುಮಕೂರಿಗೆ ವಾಪಸ್ ಬಂದಿದೀನಿ, ಬ್ಯಾಂಕ್ ಕೆಲ್ಸ ನೋಡ್ಲಾ ಇಲ್ಲ ಇದೇ ಲೈನಲ್ಲಿ ಇರ್ಲಾ ಅಂತ ಕೇಳಿದ್ನಲ್ಲ, ಇದೇ ಲೈನ್ ಅಂತ ತೀರ್ಮಾನ ಮಾಡ್ದೆ.

ಡಿಜಿಸಿಎ (ಸಿವಿಲ್ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಕೊಡೋ ಬಿ1.3, ಅಂದ್ರೆ ಟರ್ಬೈನ್ ಇಂಜಿನ್ ಇರೋ ಹೆಲಿಕಾಪ್ಟರ್ ರಿಪೇರಿ, ನಿರ್ವಹಣೆ ಮಾಡೋ ಲೈಸೆನ್ಸ್‌ಗೆ ಓದ್ತಾ ಇದೀನಿ. ಸರ್ವಿಸ್ ಅನುಭವ ಲೆಕ್ಕಕ್ಕೆ ಬರುತ್ತೆ, ಆದ್ರೆ ಅದೊಂದೇ ಸಾಲಲ್ಲ, ಸಿವಿಲ್ ವಿಮಾನದ ಮೇಲೂ ಒಂದಷ್ಟು ಕಾಲ ಕೆಲ್ಸ ಮಾಡಿರ್ಬೇಕು, ರಿಟೈರ್ ಆಗೋಕೆ ಮುಂಚೆನೇ ಇದು ಗೊತ್ತಿದ್ರೆ ಎಷ್ಟೋ ಟೈಮ್ ಉಳೀತಿತ್ತು, ಇನ್ನೂ ಸರ್ವಿಸಲ್ಲಿರೋ ತಮ್ಮಂದ್ರು ದಯವಿಟ್ಟು ಈಗ್ಲೇ ಲಾಗ್‌ಬುಕ್ ಎಂಟ್ರಿಗಳಿಗೆ (ಮಾಡಿದ ಕೆಲ್ಸದ ದಾಖಲೆಗೆ) ಸಹಿ ಹಾಕಿಸ್ಕೊಂಡು ಜೋಪಾನ ಮಾಡ್ಕೊಳ್ಳಿ. ಇಂಜಿನ್ ಪೇಪರ್ ಸಲೀಸು, ನಟ್‌ಗೆ ಅದು ಸಡಿಲ ಆಗ್ದಂಗೆ ಕಟ್ಟೋ ಸೇಫ್ಟಿ ವೈರ್ ಯಾವ ಕಡೆ ತಿರುಚ್ಬೇಕು ಅಂತ ಕೈಗೇ ಗೊತ್ತು. ಮಾಡ್ಯೂಲ್ 10 ಅನ್ನೋ ಪೇಪರ್, ವಿಮಾನಯಾನ ಕಾನೂನಿಂದು, ಅದೇ ಕಷ್ಟ.

ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಲಿ ಉದ್ಘಾಟನೆ ಆದ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆ ಮೊನ್ನೆ ಅಪ್ಪನ್ನ ಬೈಕಲ್ಲಿ ಕರ್ಕೊಂಡ್ ಹೋಗಿದ್ದೆ. 615 ಎಕರೆ, ಕಾಂಪೌಂಡ್ ಮುಗಿಯೋದೇ ಇಲ್ಲ. ಅಪ್ಪ ಗೇಟ್ ಎದುರು ಸುಮಾರು ಹೊತ್ತು ನಿಂತ್ರು, "ನಮ್ಮ ಸೀಮೇಲೇ ಮಾಡ್ತಾರಲ್ಲೋ ಮಗ" ಅಂದ್ರು. ಅಲ್ಲಿ ನೋಟಿಫಿಕೇಶನ್ ಬಂದ್ರೆ ಖಂಡಿತ ಅರ್ಜಿ ಹಾಕ್ತೀನಿ. ಸದ್ಯಕ್ಕೆ ಮುಂದಿನ ಸೆಷನ್‌ಗೆ 3 ಪೇಪರ್ ಕಟ್ಟಿದೀನಿ.