ಅಪ್‌ಡೇಟ್: ವಾಟರ್ ಹೀಟರ್ ಕ್ಲೇಮ್ ಕೊನೆಗೂ ಪಾಸಾಯಿತು

ವಾರಂಟಿ ಕಂಪನಿ ಕ್ಲೇಮ್ ಒಪ್ಪುತ್ತಿಲ್ಲ, ಏನು ಮಾಡಲಿ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಹೊಸದಾಗಿ ಕೊಂಡ ಮನೆಗೆ ಮಾರಿದವರೇ 1 ವರ್ಷದ ಹೋಮ್ ವಾರಂಟಿ (ಮನೆಯ ಉಪಕರಣ ಕೆಟ್ಟರೆ ಕಂಪನಿಯೊಂದು ಸರಿಮಾಡಿಸಿಕೊಡುವ ಕರಾರು) ಮಾಡಿಸಿಕೊಟ್ಟಿದ್ದರು. ಬಂದ ತಿಂಗಳಲ್ಲೇ ವಾಟರ್ ಹೀಟರ್ ಸೋರಿತು. 'ಇದು ಮೊದಲೇ ಇದ್ದ ದೋಷ' ಅಂತ ಕಂಪನಿ ಕ್ಲೇಮ್ ತಳ್ಳಿಹಾಕಿತ್ತು.

ಕೈಹಿಡಿದದ್ದು ಇನ್‌ಸ್ಪೆಕ್ಷನ್ ರಿಪೋರ್ಟ್ ಕಳಿಸಿ ಅನ್ನುವ ಸಲಹೆ. ಕೊಳ್ಳುವ ಮುಂಚೆ ಮಾಡಿಸಿದ ರಿಪೋರ್ಟಿನಲ್ಲಿ ಹೀಟರ್ ಫೋಟೊ ಇತ್ತು. ಕೆಳಗಿನ ತಟ್ಟೆ ಪೂರ್ತಿ ಒಣಗಿದೆ, ಪೈಪ್ ಸೇರುವ ಜಾಗದಲ್ಲಿ ತುಕ್ಕಿನ ಗುರುತೂ ಇಲ್ಲ. ಜೊತೆಗೆ ಕರಾರಿನ ಒಂದು ಸಾಲನ್ನೂ ಎತ್ತಿ ಬರೆದೆ: ಕಣ್ಣಿಗೆ ಕಾಣದ, ಮಾಮೂಲಿ ಪರೀಕ್ಷೆಯಲ್ಲಿ ಗೊತ್ತಾಗದ ಹಳೇ ದೋಷಕ್ಕೂ ವಾರಂಟಿ ಉಂಟು. ಐದನೇ ದಿನ ಒಪ್ಪಿಕೊಂಡರು. ಇಂಥ ಸಾಲು ಇದೆಯಾ ಹುಡುಕಿ ಅಂದವರಿಗೆ ನಿಜವಾಗಿಯೂ ಋಣಿ. ಎಲ್ಲರ ಕರಾರಿನಲ್ಲೂ ಅದು ಇರುವುದಿಲ್ಲ, ನೋಡಿಕೊಳ್ಳಿ.

ಮಾರಿದವರನ್ನು ಕೇಳಿ ಪ್ರಯೋಜನ ಆಗಲಿಲ್ಲ. ನಮ್ಮದೇ ಪ್ಲಂಬರ್ ಕರೆಸಿ ಬಿಲ್ ಕೊಡಿ ಅಂತಲೂ ಒಬ್ಬರು ಹೇಳಿದ್ದರು ಅಲ್ವಾ, ಅದನ್ನು ಮಾಡದಿದ್ದದ್ದೇ ಒಳ್ಳೆಯದಾಯಿತು. ಮೊದಲೇ ಒಪ್ಪಿಗೆ ಪಡೆಯದೆ ರಿಪೇರಿ ಮಾಡಿಸಿದರೆ ದುಡ್ಡು ಕೊಡಲ್ಲ ಅಂತ ಕರಾರಿನಲ್ಲೇ ಇದೆ.

ಒಂದು ವಿಷಯ ಮಾತ್ರ ನನಗೆ ಗೊತ್ತೇ ಇರಲಿಲ್ಲ. ಹೊಸ ಹೀಟರ್ ಖರ್ಚು ವಾರಂಟಿ ಕಂಪನಿಯದು, ಆದರೆ ಮೆಕ್ಯಾನಿಕ್ ಬಂದ ಶುಲ್ಕ ನಮ್ಮದು. ಹಳೇ ಟ್ಯಾಂಕ್ ಸಾಗಿಸುವ ಖರ್ಚು, ಈಗಿನ ಕಟ್ಟಡ ನಿಯಮಕ್ಕೆ ತಕ್ಕಂತೆ ಪೈಪ್ ಬದಲಿಸಿದ ಖರ್ಚೂ ನಮ್ಮದೇ. ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಆಯಿತು. ಮನೆ ಮಾರುವವರು ವಾರಂಟಿ ಕೊಡುತ್ತೇವೆ ಅಂದಾಗ ಸುಮ್ನೆ ಖುಷಿಪಡಬೇಡಿ, ಯಾವುದು ಸೇರಿಲ್ಲ ಅನ್ನುವ ಪುಟವನ್ನು ಮೊದಲು ಓದಿ.

ನಿನ್ನೆಯಿಂದ ಬಿಸಿನೀರು ಬರುತ್ತಿದೆ.